ಕೋಳಿ ಗೂಡಿನ ಒಳಗೋಡೆಗೆ ಯಾವ ಹೊದಿಕೆ? ಪಿವಿಸಿ ಪ್ಯಾನೆಲ್‌ನಿಂದ ಸುಣ್ಣದವರೆಗೆ ಒಂದು ಪರಿಶೀಲನೆ

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಕೋಳಿ ಗೂಡಿನ ಒಳಗೋಡೆಗೆ ತೊಳೆಯೋಕೆ ಸುಲಭ ಆಗೋ ಅಂಥದ್ದು ಏನಿದೆ?" ಎಂದು ಕೇಳಿದರೆ ಈಗ ಬರುವ ಮೊದಲ ಉತ್ತರ ಪಿವಿಸಿ ಪ್ಯಾನೆಲ್. ಹೊಳಪಿದೆ, ನೀರು ಕುಡಿಯುವುದಿಲ್ಲ, ಹಗುರ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಬಚ್ಚಲುಮನೆಯ ಸೀಲಿಂಗಿಗೆ ಅದು ಒಳ್ಳೆಯ ಸರಕೇ ಸರಿ. ಕೋಳಿ ಗೂಡಿಗೆ ಮಾತ್ರ ಈ ಪಟ್ಟಿಯಲ್ಲಿ ಅದಕ್ಕೆ ಹೆಚ್ಚುಕಡಿಮೆ ಕೊನೆಯ ಸ್ಥಾನ.

ಯಾಕೆಂದು ಹೇಳುವ ಮೊದಲು ಅಳತೆ. ಇಲ್ಲಿನ ಲೆಕ್ಕವೆಲ್ಲ 8 ಅಡಿ ಉದ್ದ, 6 ಅಡಿ ಅಗಲದ ಗೂಡಿಗೆ. ಹೊಟ್ಟಿನ ಹಾಸಿನ ಮೇಲೆ ಒಂದು ಕೋಳಿಗೆ ಎರಡರಿಂದ ಎರಡೂವರೆ ಚದರಡಿ ಕೊಟ್ಟರೆ ಸುಮಾರು ಇಪ್ಪತ್ತು ನಾಟಿ ಕೋಳಿಗೋ ಗಿರಿರಾಜ ತಳಿಯ ಕೋಳಿಗೋ ಸಾಕಾಗುವ ಜಾಗ. ಕೆಳಗೆ ನಾಲ್ಕಡಿ ಗಟ್ಟಿ ಗೋಡೆ, ಅದರ ಮೇಲೆ ಜಾಲರಿ. ಸಾವಿರಾರು ಬ್ರಾಯ್ಲರ್ ಸಾಕುವ ಶೆಡ್ಡಿನಲ್ಲಿ ಗೋಡೆ ಒಂದಡಿ ಎತ್ತರವಿರುತ್ತದೆ, ಉಳಿದದ್ದೆಲ್ಲ ಜಾಲರಿ. ಹಾಗಾಗಿ ಅಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹಿತ್ತಿಲ ಗೂಡಿಗೆ ಮುಂಗುಸಿ, ಕಾಡುಬೆಕ್ಕು, ಹೆಗ್ಗಣ, ಹಾವು, ಮಳೆಯ ಎರಚಲು ಎಲ್ಲದರ ಕಾಟ ಇರುವುದರಿಂದ ಗೋಡೆ ಎತ್ತರವಾಗುತ್ತದೆ. ಗೋಡೆ ಎತ್ತರವಾದಷ್ಟೂ ತೊಳೆಯುವ ಕೆಲಸ.

ಗೋಡೆಯಲ್ಲಿ ಕೊಳೆಯಾಗುವುದು ಎರಡು ಕಡೆ. ನೆಲದಿಂದ ಒಂದಡಿಯವರೆಗೆ, ಕೋಳಿಗಳು ಹೊಟ್ಟು ಕೆದರಿ ಎರಚುವ ಪಟ್ಟಿ. ಇನ್ನೊಂದು ರಾತ್ರಿ ಕೂರುವ ಗಳದ ಹಿಂಭಾಗ. ಗಳ ಗೋಡೆಗೆ ಅಂಟಿಕೊಂಡಿದ್ದರೆ ಹಿಕ್ಕೆ ಗೋಡೆಯ ಮೇಲೆಯೇ ಇಳಿಯುತ್ತದೆ. ಗಳವನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ತಂದು, ಅದರ ಕೆಳಗೆ ಹೊರಗೆ ಎಳೆಯುವಂಥ ತಟ್ಟೆ ಇಟ್ಟುಬಿಟ್ಟರೆ ಗೋಡೆಯ ಕೆಲಸ ಬಹಳ ಇಳಿಯುತ್ತದೆ. ಯಾವ ಶೀಟಿಗೂ ಹಣ ಹಾಕುವ ಮೊದಲು ಇದನ್ನು ಮಾಡಿ, ಖರ್ಚೇ ಇಲ್ಲ.

ಹಿಕ್ಕೆ ತಿಕ್ಕಿದರೆ ಹೋಗುತ್ತದೆ. ನಿಜವಾದ ತಲೆನೋವು ಕಣ್ಣಿಗೆ ಬೀಳದ ಎರಡು ಜೀವಿಗಳದು: ಕೆಂಪು ನುಸಿ ಮತ್ತು ಕೋಳಿ ಉಣ್ಣೆ. ಎರಡೂ ಹಗಲಿಡೀ ಕೋಳಿಯ ಮೈಮೇಲೆ ಇರುವುದಿಲ್ಲ. ಸಂದಿಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸಂದಿ ಸೇರುತ್ತವೆ. (ಉಣ್ಣೆಯ ಮರಿಗಳು ಮಾತ್ರ ಕೆಲವು ದಿನ ಮೈಗೆ ಕಚ್ಚಿಕೊಂಡಿರುತ್ತವೆ.) ನುಸಿ ಸೆಕೆಯ ದಿನಗಳಲ್ಲಿ ಒಂದೂವರೆ ವಾರದೊಳಗೆ ಮೊಟ್ಟೆಯಿಂದ ಬೆಳೆದು ಮರಿ ಮಾಡುವ ಹಂತಕ್ಕೆ ಬರುತ್ತದೆ. ಖಾಲಿ ಗೂಡಿನಲ್ಲಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಬೆಳೆದ ಉಣ್ಣೆಯಂತೂ ವರ್ಷಗಟ್ಟಲೆ ಕಾಯುತ್ತದೆ. ಕೋಳಿಗಳಿಗೆ ಜ್ವರ, ಹಸಿರು ಭೇದಿ ತಂದು ಕೊಲ್ಲುವ ಸ್ಪೈರೋಕೀಟೋಸಿಸ್ ರೋಗವನ್ನು ಹರಡುವುದೂ ಇದೇ. ಆದ್ದರಿಂದ ಹೊದಿಕೆಗೆ ಅಂಕ ಕೊಡುವಾಗ ಮೇಲ್ಮೈ ಎಷ್ಟು ನುಣುಪು ಎನ್ನುವುದು ಎರಡನೆಯ ಪ್ರಶ್ನೆ. ಎಷ್ಟು ಸಂದಿ ಹುಟ್ಟಿಸುತ್ತದೆ, ಅದರ ಬೆನ್ನಿಗೆ ಏನಿದೆ ಎನ್ನುವುದು ಮೊದಲನೆಯದು.

ಪಿವಿಸಿ ಪ್ಯಾನೆಲ್ ಸೋಲುವುದು ಇಲ್ಲೇ. ಪ್ಯಾನೆಲ್ ಸಾಮಾನ್ಯವಾಗಿ 10 ಇಂಚು ಅಗಲ, 10 ಅಡಿ ಉದ್ದ. ನಮ್ಮ ಗೂಡಿನ ಸುತ್ತಳತೆ 28 ಅಡಿ. ನಿಲ್ಲಿಸಿ ಹೊಡೆದರೆ ಮೂವತ್ತಕ್ಕೂ ಹೆಚ್ಚು ತುಂಡು, ಅಷ್ಟೇ ಸಂದಿ. ಒಂದರ ನಾಲಿಗೆ ಇನ್ನೊಂದರ ತೋಡಿನೊಳಗೆ ಕೂರುವ ಆ ಜೋಡಣೆ ನೀರಿನ ಹನಿಯನ್ನು ತಡೆಯಬಹುದು, ಸಾಸಿವೆಗಿಂತ ಚಿಕ್ಕ ನುಸಿಯನ್ನು ತಡೆಯುವುದಿಲ್ಲ. ಅದೂ ಸಾಲದೆಂಬಂತೆ ಪ್ಯಾನೆಲ್ಲಿನ ಒಳಗು ಪೊಳ್ಳು. ಕತ್ತರಿಸಿದ ತುದಿಯಲ್ಲಿ ನೋಡಿದರೆ ಸಾಲು ಸಾಲು ಕೊಳವೆಗಳು ಕಾಣುತ್ತವೆ. ಆ ಕೊಳವೆಗಳಲ್ಲಿ ಇರುವೆ, ಜಿರಳೆ, ನುಸಿ ಎಲ್ಲಕ್ಕೂ ಬಾಡಿಗೆಯಿಲ್ಲದ ವಾಸ. ಇನ್ನು ಪ್ಯಾನೆಲ್ ಹೊಡೆಯುವುದು ರೀಪಿನ ಮೇಲೆ, ಅಂದರೆ ಗೋಡೆಗೂ ಪ್ಯಾನೆಲ್ಲಿಗೂ ನಡುವೆ ಒಂದಿಂಚು ಖಾಲಿ ಜಾಗ. ಇಲಿ ಅಲ್ಲಿ ಓಡಾಡಲು ಶುರು ಮಾಡಿದರೆ ಅದರ ಹಿಂದೆಯೇ ಹಾವು. ಔಷಧ ಸಿಂಪಡಿಸಿದರೆ ಅದು ಮುಂದಿನ ಹೊಳಪಿನ ಮೇಲೆ ಇಳಿದು ಹೋಗುತ್ತದೆ. ರೋಗ ಕೂತಿರುವುದು ಹಿಂದೆ. 5 ಮಿ.ಮೀ. ಪ್ಯಾನೆಲ್ಲಿನ ಮುಖದ ಪದರ ತೀರಾ ತೆಳು. ಗುದ್ದಲಿಯ ಹಿಡಿ ತಾಗಿದರೂ ತೂತಾಗುತ್ತದೆ.

ಜಾಹೀರಾತು ಬೋರ್ಡಿಗೆ ಬಳಸುವ ಪಿಪಿ ಹಾಲೋ ಶೀಟು, ಎರಡು ಪದರದ ಪಾಲಿಕಾರ್ಬೊನೇಟ್ ಶೀಟು ಇವಕ್ಕೂ ಇದೇ ದೋಷ: ಒಳಗೆ ಕೊಳವೆ. ಪಾಲಿಕಾರ್ಬೊನೇಟಿಗೆ ಇನ್ನೊಂದು ಕೊರತೆಯೂ ಇದೆ, ವಾಷಿಂಗ್ ಸೋಡಾದಂಥ ಕ್ಷಾರವೂ ಅಮೋನಿಯವೂ ಅದಕ್ಕೆ ಆಗಿಬರುವುದಿಲ್ಲ. ಥರ್ಮೊಕೋಲ್ ಒಳಗಿಟ್ಟ ಪ್ಯಾನೆಲ್ಲುಗಳನ್ನು ಗೂಡಿನೊಳಗೆ ತರಲೇಬೇಡಿ. ಅಂಚು ಬಿಟ್ಟಿದ್ದರೆ ಕೋಳಿಗಳು ಥರ್ಮೊಕೋಲನ್ನು ಕಾಳಿಗಿಂತ ಆಸೆಯಿಂದ ಕುಕ್ಕಿ ತಿನ್ನುತ್ತವೆ. ಹಾಸಿನಲ್ಲಿ ಬೆಳೆಯುವ ಕಪ್ಪು ಜೀರುಂಡೆ ಅದರೊಳಗೆ ಬಿಲ ಕೊರೆಯುತ್ತದೆ.

ಇಡೀ ಹಾಳೆಯ ಸರಕುಗಳು

8×4 ಅಡಿಯ ಗಟ್ಟಿ ಶೀಟುಗಳಿಗೆ ಬಂದರೆ ಚಿತ್ರ ಬದಲಾಗುತ್ತದೆ. ಶೀಟನ್ನು ಅಡ್ಡಡ್ಡ ಮಲಗಿಸಿ. 8 ಅಡಿಯ ಎರಡು ಗೋಡೆಗೆ ತಲಾ ಒಂದು ಇಡೀ ಶೀಟು, ನಡುವೆ ಒಂದೂ ಸಂದಿಯಿಲ್ಲ. 6 ಅಡಿಯ ಎರಡು ಗೋಡೆಗೆ ತಲಾ ಒಂದು ಶೀಟಿನಿಂದ 2 ಅಡಿ ಕತ್ತರಿಸಿ ಹೊಡೆಯಿರಿ. ಒಟ್ಟು ನಾಲ್ಕು ಶೀಟು, ಸಂದಿ ನಾಲ್ಕು ಮೂಲೆಗಳಲ್ಲಿ ಮಾತ್ರ. ಉಳಿದ 2×4 ಅಡಿಯ ಎರಡು ತುಂಡು ಮೊಟ್ಟೆ ಪೆಟ್ಟಿಗೆಯ ಹಿಂಬದಿಗೂ ಹಿಕ್ಕೆ ತಟ್ಟೆಗೂ ಆಗುತ್ತವೆ. ಗೂಡನ್ನು ಇನ್ನೂ ಕಟ್ಟಿಲ್ಲವಾದರೆ ಅಳತೆಯನ್ನು ಶೀಟಿಗೆ ಹೊಂದಿಸಿ ಕಟ್ಟಿ. ಎಂಟೂವರೆ ಅಡಿ ಗೋಡೆ ಕಟ್ಟಿ ಅರ್ಧ ಅಡಿಗೆ ಪಟ್ಟಿ ಹುಡುಕುವುದು ದುಡ್ಡು ಕೊಟ್ಟು ಸಂದಿ ಕೊಂಡಂತೆ.

ಈ ಗುಂಪಿನಲ್ಲಿ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥಿನ್ ಶೀಟಿಗೆ ತೊಳೆಯುವ ಸುಲಭದಲ್ಲಿ ಮೊದಲ ಸ್ಥಾನ. ಹಿಕ್ಕೆ ಒಣಗಿದ ಮೇಲೆ ಕರಣೆಯ ತುದಿ ತಾಗಿಸಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಸೋಡಾ, ಬ್ಲೀಚಿಂಗ್ ನೀರು, ಅಮೋನಿಯ ಯಾವುದೂ ಅದನ್ನು ತಿನ್ನುವುದಿಲ್ಲ. 3 ಮಿ.ಮೀ. ದಪ್ಪದ 8×4 ಶೀಟು ಎಂಟೂವರೆ ಕೆಜಿ ತೂಗುತ್ತದೆ, ಒಬ್ಬರೇ ಎತ್ತಬಹುದು. ತೊಂದರೆ ಎರಡು. ಒಂದು, ಬಿಸಿಗೆ ವಿಪರೀತ ಹಿಗ್ಗುತ್ತದೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಗೂ 20 ಡಿಗ್ರಿ ವ್ಯತ್ಯಾಸವಿದ್ದರೆ 8 ಅಡಿ ಉದ್ದದಲ್ಲಿ 7ರಿಂದ 10 ಮಿ.ಮೀ. ಬೆಳೆಯುತ್ತದೆ. ಬಿಗಿಯಾಗಿ ಸ್ಕ್ರೂ ಹೊಡೆದಿದ್ದರೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ, ಆ ಉಬ್ಬಿನ ಹಿಂದೆ ನುಸಿಗೆ ಜಾಗ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಇದು ಖಂಡಿತ ಆಗುತ್ತದೆ. ಅದಕ್ಕೆ ಶೀಟಿನ ನಡುವಿನ ಒಂದು ತೂತನ್ನು ಮಾತ್ರ ಬಿಗಿಯಾಗಿಟ್ಟು ಉಳಿದ ತೂತುಗಳನ್ನು ಅಡ್ಡಕ್ಕೆ 12 ಮಿ.ಮೀ.ವರೆಗೆ ಉದ್ದ ಮಾಡಿ, ಅಗಲ ವಾಷರ್ ಹಾಕಿ, ಸ್ಕ್ರೂವನ್ನು ಕೊನೆಯ ಅರ್ಧ ಸುತ್ತು ಸಡಿಲ ಬಿಡಬೇಕು. ಎರಡೂ ತುದಿಗೆ ಮೂಲೆಯಲ್ಲಿ 5 ಮಿ.ಮೀ. ಜಾಗ ಬಿಡಿ. ಎರಡನೆಯ ತೊಂದರೆ, ಸಿಲಿಕೋನ್ ಆಗಲಿ ಬೇರೆ ಅಂಟಾಗಲಿ ಪಾಲಿಥಿನ್ ಜಾತಿಯ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಹಚ್ಚಿದ ದಿನ ಅಂಟಿದಂತೆ ಕಂಡು ಆಮೇಲೆ ದಾರದಂತೆ ಎದ್ದು ಬರುತ್ತದೆ, ಕೋಳಿ ಅದನ್ನು ಎಳೆದು ತಿನ್ನುತ್ತದೆ. ಎಚ್‌ಡಿಪಿಇ ಕೊಂಡರೆ ಅಂಟಿನ ಆಸೆ ಬಿಟ್ಟು, ಬಿಚ್ಚಿ ತೆಗೆಯುವ ಹಾಗೆ ಕೂರಿಸಿ. ಅದು ಹೇಗೆಂದು ಮುಂದೆ ಹೇಳಿದೆ.

ಎಫ್‌ಆರ್‌ಪಿ ಶೀಟು, ಅಂದರೆ ಗಾಜಿನ ನಾರು ಹಾಕಿದ ಫೈಬರ್ ಶೀಟು, ಹಿಗ್ಗುವುದು ಕಡಿಮೆ, ಗಟ್ಟಿತನ ಜಾಸ್ತಿ. ಸಿಮೆಂಟ್ ಗೋಡೆಗೆ ಇಡೀ ಬೆನ್ನಿಗೆ ಅಂಟು ಹಚ್ಚಿ ಕೂರಿಸಬಹುದಾದ ಶೀಟು ಇದೇ. ಸಮ ಮೈಯ 2 ಮಿ.ಮೀ. ಶೀಟು ಕೇಳಿ, ಚಾವಣಿಗೆ ಹಾಕುವ ಅಲೆಯಲೆಯದು ಬೇಡ. ಕತ್ತರಿಸುವಾಗ ಏಳುವ ಧೂಳು ಗಾಜಿನ ನಾರಿನದು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ. ಗೂಡಿನೊಳಗೆ ಕತ್ತರಿಸಲೂ ಬೇಡಿ. ಬಿಸಿಲು ನೇರ ಬೀಳುವ ಕಡೆ ಮೇಲಿನ ಪದರ ಸವೆದು ನಾರು ಹೊರಚಾಚುತ್ತದೆ. ಹಾಗಾದ ಶೀಟನ್ನು ಬದಲಿಸುವುದೇ ಸರಿ.

ಡಬ್ಲ್ಯುಪಿಸಿ (ಮರದ ಪುಡಿ ಬೆರೆತ ಪ್ಲಾಸ್ಟಿಕ್) ಮತ್ತು ಪಿವಿಸಿ ಫೋಮ್ ಬೋರ್ಡಿನ ಮುಖ ಚೆನ್ನಾಗಿರುತ್ತದೆ, ಗೆದ್ದಲು ಹಿಡಿಯುವುದಿಲ್ಲ, ಬಡಗಿಗೆ ಕೆಲಸ ಸಲೀಸು. ಅಂಚು ಮಾತ್ರ ಮೆದು. ಕೋಳಿ ಒಮ್ಮೆ ಅಂಚು ಕುಕ್ಕುವ ಚಾಳಿ ಹಿಡಿದರೆ ಬೋರ್ಡ್ ನೊರೆಯಂತೆ ಪುಡಿಪುಡಿಯಾಗುತ್ತದೆ, ಆ ಪುಡಿ ಹೊಟ್ಟೆಗೆ ಹೋಗುತ್ತದೆ. ಅಂಚಿಗೆಲ್ಲ ಗಟ್ಟಿ ಪಟ್ಟಿ ಹೊಡೆಯುವುದಾದರೆ ಕೊಳ್ಳಿ. ಪಟ್ಟಿ ಅಂದರೆ ಮತ್ತೆ ಸಂದಿ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮರದ ಚೌಕಟ್ಟಿನ ಗೂಡು ಇರುವವರಿಗೆ ನಮ್ಮ ಆಯ್ಕೆ ಬೇರೆ: ಸೆಂಟ್ರಿಂಗ್ ಕೆಲಸಕ್ಕೆ ಬಳಸುವ, ಮೇಲೆ ಕಂದು ಫಿಲ್ಮ್ ಇರುವ ಶಟರಿಂಗ್ ಪ್ಲೈ, 12 ಮಿ.ಮೀ. ದಪ್ಪದ್ದು. ಕಾಂಕ್ರೀಟೇ ಅಂಟಬಾರದೆಂದು ಮಾಡಿದ ಮೇಲ್ಮೈಗೆ ಹಿಕ್ಕೆ ಎಷ್ಟು ಅಂಟೀತು? ಗೋಡೆ, ಹೊದಿಕೆ ಎರಡೂ ಒಂದೇ ಹಲಗೆಯಾಗುವುದರಿಂದ ಬೆನ್ನಿನ ಪೊಳ್ಳೇ ಇರುವುದಿಲ್ಲ. ಶೀಟಿನ ಮೇಲೆ ಐಎಸ್ 4990 ಗುರುತು (ಈ ಬಗೆಯ ಪ್ಲೈಗೆ ಇರುವ ಭಾರತೀಯ ಮಾನಕ) ಇದೆಯೇ ನೋಡಿ. ಇದರ ಜೀವ ಅಂಚಿನಲ್ಲಿದೆ. ಕತ್ತರಿಸಿದ ಪ್ರತಿ ಅಂಚಿಗೂ, ಸ್ಕ್ರೂ ತೂತಿನ ಒಳಕ್ಕೂ ಎಪಾಕ್ಸಿಯನ್ನೋ ಎರಡು ಕೋಟ್ ಎನಾಮೆಲನ್ನೋ ಕುಡಿಸದಿದ್ದರೆ ಮಳೆಗಾಲ ಕಳೆಯುವುದರೊಳಗೆ ಪದರ ಬಿಚ್ಚುತ್ತದೆ. ಒಂದು ಶೀಟು 20 ಕೆಜಿ ಮೀರುವುದರಿಂದ ಇಬ್ಬರು ಬೇಕು. ಕಟ್ಟಡದ ಕೆಲಸ ಮುಗಿದ ಮೇಲೆ ಮಾರುವ ಹಳೆಯ ಶಟರಿಂಗ್ ಪ್ಲೈ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಮೊಳೆ ತೂತುಗಳೂ ಸೆಂಟ್ರಿಂಗ್ ಎಣ್ಣೆಯೂ ಇರುತ್ತವೆ. ಎಣ್ಣೆ ವಾಸನೆ ಹೋಗುವವರೆಗೆ ತೊಳೆದು, ತೂತುಗಳಿಗೆಲ್ಲ ಎಂ-ಸೀಲ್ ತುಂಬುವ ತಾಳ್ಮೆ ಇದ್ದವರು ಮಾತ್ರ ತನ್ನಿ.

ಮಾಮೂಲಿ ಪ್ಲೈ ಮೇಲೆ ಸನ್‌ಮೈಕಾ ಅಂಟಿಸುವವರಿದ್ದಾರೆ. ಐಎಸ್ 710 ಗುರುತಿನ ಮರೈನ್ ಪ್ಲೈ, ನೀರಿಗೆ ಬಿಡದ ಅಂಟು ಎರಡೂ ಇದ್ದರೆ ಪರವಾಗಿಲ್ಲ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಮೇಲೆ ಅಂಟಿಸಿದರೆ ಹಣ ದಂಡ, ಒದ್ದೆ ಹೊಟ್ಟು ತಾಗಿದ ಕಡೆ ಹಪ್ಪಳದಂತೆ ಉಬ್ಬುತ್ತದೆ.

ಅಂಟಿಸಿದರೆ ಪೂರ್ತಿ ಅಂಟಿಸಿ, ಇಲ್ಲವೆ ಪೂರ್ತಿ ಬಿಚ್ಚುವಂತಿಡಿ

ಶೀಟು ಯಾವುದೇ ಇರಲಿ, ಕೂರಿಸುವ ರೀತಿಯೇ ಅದರ ಹಣೆಬರಹ. ಸರಿಯಾದ ದಾರಿ ಎರಡಿವೆ. ಒಂದು, ಶೀಟಿನ ಇಡೀ ಬೆನ್ನಿಗೆ ಅಂಟು ಹಚ್ಚಿ ಸಮವಾದ ಗೋಡೆಗೆ ಒತ್ತಿ ಕೂರಿಸುವುದು. ಗೋಡೆಯಲ್ಲಿ ತಗ್ಗುದಿಣ್ಣೆ 3 ಮಿ.ಮೀ. ಮೀರಿದ್ದರೆ ಮೊದಲು ಗಾರೆಯಿಂದ ಸಮ ಮಾಡಿಸಿ. ಅಂಟನ್ನು ಹಲ್ಲಿನ ಕರಣೆಯಲ್ಲಿ ಎಳೆಯಿರಿ, ಉಂಡೆ ಉಂಡೆ ಇಟ್ಟು ಒತ್ತಬೇಡಿ, ಉಂಡೆಗಳ ನಡುವೆ ಪೊಳ್ಳು ಉಳಿಯುತ್ತದೆ. ಇನ್ನೊಂದು, ಐದು ನಿಮಿಷದಲ್ಲಿ ಬಿಚ್ಚಿ ಅಂಗಳಕ್ಕೆ ತಂದು ಎರಡೂ ಬದಿ ತೊಳೆದು ಬಿಸಿಲಿಗೆ ಒರಗಿಸುವಂತೆ ಇಡುವುದು. ಇದಕ್ಕೆ ಶೀಟಿಗೆ ಆರೆಂಟು ಕಡೆ 6 ಮಿ.ಮೀ. ಬೋಲ್ಟು, ಅಗಲ ವಾಷರ್, ಕೈಯಲ್ಲೇ ತಿರುಗಿಸುವ ಚಿಟ್ಟೆ ನಟ್ ಸಾಕು. ಇವೆರಡರ ನಡುವಿನ ದಾರಿ ಅತಿ ಕೆಟ್ಟದ್ದು: ರೀಪಿನ ಮೇಲೆ ಶೀಟು ಹೊಡೆದು ಸುತ್ತ ಸಿಲಿಕೋನ್ ಬಳಿದು "ಪ್ಯಾಕ್" ಮಾಡುವುದು. ಸಿಲಿಕೋನಿನಲ್ಲಿ ಎಲ್ಲೋ ಒಂದು ಕಡೆ ಕೂದಲೆಳೆ ಬಿರುಕು ಬಂದೇ ಬರುತ್ತದೆ. ತೊಳೆದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಬಡಗಿಗಳು ಒಗ್ಗಿಕೊಂಡಿರುವುದು ಈ ಮೂರನೆಯ ದಾರಿಗೇ, ಅಡುಗೆಮನೆಯ ಕೆಲಸದ ಅಭ್ಯಾಸ ಅದು. ಮೊದಲೇ ಬಾಯಿಬಿಟ್ಟು ಹೇಳಬೇಕು.

ಸ್ಕ್ರೂ, ಬೋಲ್ಟು ಎಲ್ಲ ತುಕ್ಕು ಹಿಡಿಯದ ಸ್ಟೀಲಿನವು, 304 ದರ್ಜೆಯವು ಇರಲಿ. ಒದ್ದೆ ಹಾಸಿನಿಂದ ಏಳುವ ಅಮೋನಿಯ ಜಿಐ ಸ್ಕ್ರೂವಿನ ಸತುವನ್ನು ಬೇಗ ತಿಂದು ಹಾಕುತ್ತದೆ, ಆಮೇಲೆ ತುಕ್ಕಿನ ಗೆರೆ ಗೋಡೆಯುದ್ದಕ್ಕೂ ಇಳಿಯುತ್ತದೆ. ಬೋಲ್ಟಿನ ಬದಲು ಸ್ಕ್ರೂ ಹೊಡೆಯುವುದಾದರೆ ಅಂಚಿನಲ್ಲಿ ಅಡಿಗೊಂದು, ನಡುವೆ ಒಂದೂವರೆ ಅಡಿಗೊಂದು. 8×4 ಶೀಟಿಗೆ ಸುಮಾರು ಮೂವತ್ತು ಬೇಕಾಗುತ್ತವೆ. ಮೂಲೆಗೆ ಸೀಲಂಟ್ ಹಾಕುವುದಾದರೆ ಬೆರಳಿನಿಂದ ಒಳಕ್ಕೆ ಒತ್ತಿ ತಗ್ಗಾಗಿಸಿ, ಉಬ್ಬಿ ನಿಂತರೆ ಕೋಳಿ ಕುಕ್ಕುತ್ತದೆ. ಹುಳಿ ವಾಸನೆಯ ಸಿಲಿಕೋನ್ ಸಿಮೆಂಟಿಗೂ ಲೋಹಕ್ಕೂ ಒಗ್ಗದು, ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ. ವಾಸನೆ ಪೂರ್ತಿ ಹೋಗುವವರೆಗೆ ಕೋಳಿ ಒಳಗೆ ಬಿಡಬಾರದು. ಶೀಟಿನ ಮೇಲಂಚನ್ನು ಚಪ್ಪಟೆ ಬಿಡದೆ ಇಳಿಜಾರಾಗಿ ಮುಚ್ಚಿ. ಚಪ್ಪಟೆ ಅಂಚಿನ ಮೇಲೆ ಧೂಳು ಕೂರುತ್ತದೆ, ಎರಡಿಂಚು ಅಗಲವಿದ್ದರೆ ಕೋಳಿಯೇ ಹೋಗಿ ಕೂರುತ್ತದೆ. ಶೀಟು ಜಾಲರಿಯನ್ನು ಎಲ್ಲೂ ಮುಚ್ಚಬಾರದು. ಗಾಳಿ ಕಟ್ಟಿದ ಗೂಡಿನಲ್ಲಿ ಪ್ಲಾಸ್ಟಿಕ್ ಗೋಡೆ ಬೆವರುತ್ತದೆ, ಹಾಸು ಒದ್ದೆಯಾಗುತ್ತದೆ, ಮಲೆನಾಡು ಕರಾವಳಿಯಲ್ಲಂತೂ ಕೇಳಲೇಬೇಡಿ.

ಕೆಳಗಿನ ಒಂದಡಿಗೆ ಯಾವ ಶೀಟೂ ಬೇಡ, ನಾಲ್ಕಡಿ ಅಗಲದ ಶೀಟಿನಲ್ಲಿ ಹತ್ತಿಂಚು ಕತ್ತರಿಸಿಬಿಡಿ. ಅಲ್ಲಿ ಸಿಮೆಂಟೇ ಇರಲಿ. ಇಲಿ ಕಡಿಯುವುದು, ಹಾಸಿನ ತೇವ ಹತ್ತುವುದು, ಗುದ್ದಲಿ ತಾಗುವುದು ಎಲ್ಲ ಅಲ್ಲೇ. ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಲು ಮೇಸ್ತ್ರಿಗೆ ಹೇಳಿ. ಹಸಿ ಗಾರೆಯ ಮೇಲೆ ಸೀಸೆಯ ಮೈ ಉಜ್ಜಿದರೆ ಆ ಆಕಾರ ಸಲೀಸಾಗಿ ಬರುತ್ತದೆ. ಶೀಟಿನ ಕೆಳಂಚು ಈ ಸಿಮೆಂಟ್ ಪಟ್ಟಿಯ ಮುಂದಕ್ಕೆ ಎರಡಿಂಚು ಇಳಿದಿರಬೇಕು. ಆಗ ಮೇಲಿಂದ ಇಳಿದ ನೀರು ಗೂಡಿನೊಳಕ್ಕೆ ಬೀಳುತ್ತದೆ, ಶೀಟಿನ ಬೆನ್ನಿಗೆ ಹೋಗುವುದಿಲ್ಲ.

ಸಿಮೆಂಟ್ ಮತ್ತು ಸುಣ್ಣ

ಇಟ್ಟಿಗೆ ಅಥವಾ ಬ್ಲಾಕಿನ ಗೋಡೆ ಇದ್ದವರು ಯಾವ ಶೀಟನ್ನೂ ಕೊಳ್ಳಬೇಕಿಲ್ಲ ಎಂಬುದು ನಮ್ಮ ತೀರ್ಪು. ಕೆಳಗಿನ ಎರಡು ಅಡಿಗೆ ನುಣುಪು ಸಿಮೆಂಟ್, ಅದರ ಮೇಲೆ ಸಾದಾ ಗಾರೆಗೆ ಸುಣ್ಣ. ಇದಕ್ಕಿಂತ ಅಗ್ಗದ್ದೂ ಬಾಳುವಂಥದ್ದೂ ಅಂಗಡಿಯಲ್ಲಿ ಇಲ್ಲ.

ಅದಕ್ಕೊಂದು ಗಟ್ಟಿ ಕಾರಣವಿದೆ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯ ಜೀವಿಯ ಮೊಟ್ಟೆಗಳು ಬ್ಲೀಚಿಂಗ್ ನೀರಿಗಾಗಲಿ ಮಾಮೂಲಿ ಫಿನಾಯಿಲಿಗಾಗಲಿ ಸಾಯುವುದಿಲ್ಲ. ಬಿಸಿಗೂ ಒಣಗುವುದಕ್ಕೂ ಸೋಲುತ್ತವೆ. ಫಾರಂನವರು ಒಂದು ತಂಡ ಖಾಲಿಯಾದ ಮೇಲೆ ಬೆಂಕಿ ಗನ್ ಹಿಡಿದು ನೆಲ, ಗೋಡೆ, ಜಾಲರಿಯನ್ನು ಸುಡುವುದು ಇದಕ್ಕೇ. ಸಂದಿಯಲ್ಲಿನ ಉಣ್ಣೆಯೂ ಅದರಲ್ಲೇ ತೀರುತ್ತದೆ. ಸಿಮೆಂಟ್ ಗೋಡೆಯ ಮೇಲೆ ಜ್ವಾಲೆಯನ್ನು ನಿಧಾನವಾಗಿ ಆಡಿಸಬಹುದು. ಪಿವಿಸಿ, ಎಚ್‌ಡಿಪಿಇ, ಎಫ್‌ಆರ್‌ಪಿ, ಬಣ್ಣ ಬಳಿದ ಮರ ಇವುಗಳ ಹತ್ತಿರ ಬೆಂಕಿ ತರುವಂತಿಲ್ಲ. ಶೀಟು ಹೊಡೆದ ದಿನವೇ ಈ ಅಸ್ತ್ರ ಕೈಬಿಟ್ಟಿತೆಂದು ತಿಳಿಯಿರಿ.

ಗಾರೆ 1:4 (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), ದಪ್ಪ 12 ಮಿ.ಮೀ., ಪಿ-ಸ್ಯಾಂಡಿನಲ್ಲಿ, ಅಂದರೆ ಗಾರೆಗೆಂದೇ ಕಲ್ಲು ಪುಡಿಮಾಡಿ ತಯಾರಿಸಿದ ಮರಳಿನಲ್ಲಿ. ನೂರು ಚದರಡಿಗೆ ಹೆಚ್ಚುಕಡಿಮೆ ಒಂದು ಚೀಲ ಸಿಮೆಂಟ್ ಬೇಕು. ಗೋಡೆ ಏರುಪೇರಿದ್ದರೆ ಕಾಲು ಚೀಲ ಹೆಚ್ಚು. ವಾಟರ್‌ಪ್ರೂಫಿಂಗ್ ದ್ರಾವಣ ಚೀಲಕ್ಕೆ 200 ಮಿಲಿ ಎಂದು ಸಾಮಾನ್ಯವಾಗಿ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಕಲಸುವ ನೀರಿಗೆ ಹಾಕಬೇಕು. ಕೆಳಗಿನ ಎರಡು ಅಡಿಗೆ ಗಾರೆ ಹಸಿಯಿರುವಾಗಲೇ ಬರಿ ಸಿಮೆಂಟಿನ ಹಾಲು ಎಳೆದು ಉಕ್ಕಿನ ಕರಣೆಯಿಂದ ಉಜ್ಜಿಸಿ. ಹಳೆ ಮನೆಗಳ ಕಾವಿ ನೆಲ ಮಾಡಬಲ್ಲ ಕೈ ಸಿಕ್ಕಿದರೆ ಬಣ್ಣ ಬೆರೆಸಿ ಅದನ್ನೇ ಗೋಡೆಗೂ ಏರಿಸಬಹುದು. ಏಳು ದಿನವಾದರೂ ನೀರು ಹಾಕಿ. ನೀರುಣಿಸದ ಸಿಮೆಂಟಿನ ಮೇಲ್ಮೈಯಲ್ಲಿ ಜೇಡರ ಬಲೆಯಂಥ ಬಿರುಕು ಬರುತ್ತದೆ, ಪ್ರತಿ ಬಿರುಕೂ ಒಂದು ಸಂದಿ. ನುಣುಪು ಸಿಮೆಂಟಿಗೆ ಸುಣ್ಣ ಹಿಡಿಯುವುದಿಲ್ಲ, ಸಿಪ್ಪೆ ಏಳುತ್ತದೆ. ಅದಕ್ಕೇ ಎರಡು ಅಡಿಗೆ ನಿಲ್ಲಿಸಲು ಹೇಳಿದ್ದು.

ಸುಣ್ಣಕ್ಕೆ ಸುಟ್ಟ ಸುಣ್ಣದ ಕಲ್ಲೇ ಬೇಕು, ಮೂಲೆಯ ಅಂಗಡಿಯ ಹಳೆ ಪುಡಿ ಗಾಳಿ ತಾಗಿ ಆಗಲೇ ಸತ್ತಿರುತ್ತದೆ. ಒಂದು ಕೆಜಿ ಕಲ್ಲಿಗೆ ಐದು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಕಲ್ಲು. ಕಲ್ಲಿನ ಮೇಲೆ ನೀರು ಸುರಿದರೆ ಸಿಡಿದು ಕಣ್ಣಿಗೆ ಹಾರುತ್ತದೆ, ಪ್ಲಾಸ್ಟಿಕ್ ಬಕೆಟ್ ಆದರೆ ಕಾವಿಗೆ ಸೊಟ್ಟಗಾಗುತ್ತದೆ. ಒಂದು ದಿನ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ, ಒಂದು ಹಿಡಿ ಉಪ್ಪು ಮತ್ತು ಗೋಂದು ಬೆರೆಸಿ. ಅಕ್ಕಿ ಗಂಜಿ ಹಾಕುವ ಪದ್ಧತಿ ಬಯಲುಸೀಮೆಗೆ ಸರಿ, ಮಳೆ ಊರಲ್ಲಿ ಗಂಜಿಗೆ ಬೂಷ್ಟು ಬರುತ್ತದೆ. ಗೋಡೆ ಒದ್ದೆ ಮಾಡಿ ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ, ಒಂದೇ ಸಲ ದಪ್ಪಗೆ ಬೇಡ. ಸುಣ್ಣ ಕೊಲ್ಲುವುದು ಹಸಿಯಿರುವಾಗಿನ ತೀಕ್ಷ್ಣ ಕ್ಷಾರದಿಂದ. ಗಾಳಿಯಲ್ಲಿ ಒಣಗುತ್ತ ಅದು ಸೀಮೆಸುಣ್ಣದಂತೆ ಸೌಮ್ಯವಾಗುತ್ತದೆ. ಹಾಗಾಗಿ ಹೋದ ವರ್ಷದ ಸುಣ್ಣ ಗೋಡೆ ಬೆಳ್ಳಗಿಟ್ಟಿರುತ್ತದೆ, ರೋಗ ತಡೆಯುವುದಿಲ್ಲ. ಹಾಸು ಬದಲಿಸಿದಾಗಲೆಲ್ಲ ಹೊಸದಾಗಿ ಹೊಡೆಯಬೇಕು. ಬಿಳಿ ಗೋಡೆಯ ಮೇಲೆ ನುಸಿ ಓಡಾಡಿದರೆ ಎದ್ದು ಕಾಣುವುದು ಇನ್ನೊಂದು ಲಾಭ. ಒಣಗಿದ ಮೇಲೆ ಕೋಳಿ ಅದನ್ನು ಕುಕ್ಕಿದರೂ ಹಾನಿಯಿಲ್ಲ.

ಒಮ್ಮೆ ಎಣ್ಣೆ ಬಣ್ಣ, ಎಪಾಕ್ಸಿ ಬಳಿದ ಗೋಡೆಗೆ ಮತ್ತೆಂದೂ ಸುಣ್ಣ ನಿಲ್ಲುವುದಿಲ್ಲ. ಆದ್ದರಿಂದ ಬಣ್ಣದ ದಾರಿಯೋ ಸುಣ್ಣದ ದಾರಿಯೋ ಮೊದಲೇ ತೀರ್ಮಾನಿಸಿ.

ಬಣ್ಣದ ದಾರಿ ಹಿಡಿದವರಿಗೆ: ಡಿಸ್ಟೆಂಪರ್ ತೊಳೆದರೆ ನೀರಿನ ಜೊತೆಗೇ ಹೋಗುತ್ತದೆ. ಎನಾಮೆಲ್ ಮರಕ್ಕೆ ಒಳ್ಳೆಯದು. ಹೊಸ ಸಿಮೆಂಟಿನ ಕ್ಷಾರ ತಾಗಿದರೆ ಎನಾಮೆಲ್ಲಿನ ಎಣ್ಣೆ ಸಾಬೂನಾಗಿ ಮಾರ್ಪಟ್ಟು ಪದರ ಅಂಟಂಟಾಗಿ ಎದ್ದು ಬರುತ್ತದೆ. 28 ದಿನ ಗಾರೆ ಒಣಗಿಸಿ, ಕ್ಷಾರ ತಡೆಯುವ ಪ್ರೈಮರ್ ಹಾಕಿ, ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಎರಡು ಕೋಟ್ ಹೊಡೆಯುವುದು ಮೇಲು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಎಲ್ಲಕ್ಕಿಂತ ಗಟ್ಟಿ. ಬೆರಕೆಯ ಪ್ರಮಾಣ ತಪ್ಪಿದರೆ ಅದು ಎಂದಿಗೂ ಗಟ್ಟಿಯಾಗುವುದಿಲ್ಲ, ತೇವದ ಗೋಡೆಗೆ ಹೊಡೆದರೆ ಗುಳ್ಳೆ ಏಳುತ್ತದೆ. ಕೋಳಿಗಳ ಶ್ವಾಸಕೋಶ ಬಹಳ ಸೂಕ್ಷ್ಮ, ವಾಸನೆ ಇರುವವರೆಗೆ ಒಳಗೆ ಬಿಡಬೇಡಿ.

ಉಳಿದವು

ಟೈಲ್ಸ್ ಚೆನ್ನಾಗಿ ತೊಳೆಯಬರುತ್ತದೆ. ಬೆಂಕಿಗೂ ಜಗ್ಗದು ಎಂದುಕೊಂಡರೆ ಮಾತ್ರ ತಪ್ಪು, ಜ್ವಾಲೆಗೆ ಗ್ಲೇಜು ಸೀಳುತ್ತದೆ. 12×18 ಇಂಚಿನದು ಮೂರಡಿ ಎತ್ತರಕ್ಕೆ ಸುತ್ತಲೂ ಹಾಕಲು 56, ಒಡೆಯುವುದಕ್ಕೆಂದು ಸೇರಿಸಿ 62. ಸಂದಿಗೆ ಸಿಮೆಂಟ್ ಗ್ರೌಟ್ ಹಾಕಿದರೆ ಕೊಳೆ ನೀರು ಹೀರಿ ಕಪ್ಪಾಗುತ್ತದೆ, ಎಪಾಕ್ಸಿ ಗ್ರೌಟೇ ಬೇಕು, ಖರ್ಚು ಏರುವುದು ಅದರಲ್ಲೇ. ಮೊಟ್ಟೆ ಪೆಟ್ಟಿಗೆಯ ತಳಕ್ಕೆ, ಹಿಕ್ಕೆ ತಟ್ಟೆಗೆ ಟೈಲ್ಸಿಗಿಂತ ಪಾಲಿಶ್ ಮಾಡಿದ ಕಡಪ ಕಲ್ಲು ಒಳ್ಳೆಯದು: ಒಂದೇ ಹಾಸು, ಸಂದಿಯಿಲ್ಲ. ಅದಕ್ಕೆ ಆಸಿಡ್ ತಾಗಿಸಬೇಡಿ, ಸುಣ್ಣಕಲ್ಲಿನ ಜಾತಿಯದು, ಹೊಳಪು ಹಾರಿಹೋಗುತ್ತದೆ.

ಬಣ್ಣದ ತಗಡಿನ ಏಣುಗಳಲ್ಲಿ ಹಿಕ್ಕೆ ಸೇರಿಕೊಳ್ಳುತ್ತದೆ, ಬೆಳಗ್ಗೆ ಬೆವರುತ್ತದೆ, ಹಾಸು ತಾಗುವ ಕೆಳಂಚು ತುಕ್ಕು ಹಿಡಿದು ಹರಿತವಾಗಿ ಕಾಲು ಕೊಯ್ಯುತ್ತದೆ. ಎಸಿಪಿ ಅಂದರೆ ಪ್ಲಾಸ್ಟಿಕ್ಕಿನ ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಶೀಟು. ಆ ಅಲ್ಯೂಮಿನಿಯಮ್ಮಿಗೆ ಸೋಡಾ ಶತ್ರು, ಕತ್ತರಿಸಿದ ಅಂಚಿನಿಂದ ಕೊರೆಯಲು ಶುರುವಾಗುತ್ತದೆ.

ಅಚ್ಚರಿಯ ಗೆಲುವು ಹಳೆ ಫ್ಲೆಕ್ಸ್ ಬ್ಯಾನರಿನದು. ನಾಯಕರ ಹುಟ್ಟುಹಬ್ಬ ಮುಗಿದ ಮೇಲೆ ಅದಕ್ಕೆ ಬೇರೆ ಕೆಲಸವೂ ಇರುವುದಿಲ್ಲ. ಮುದ್ರಣದ ಮುಖ ಗೋಡೆಗೆ, ಬರಿ ಮುಖ ಒಳಕ್ಕೆ ಮಾಡಿ ಮೇಲೆ ಐದಾರು ಕೊಕ್ಕೆಗೆ ಪರದೆಯಂತೆ ಇಳಿಬಿಡಿ. ಕೊಳೆಯಾದರೆ ಇಳಿಸಿ, ಅಂಗಳದಲ್ಲಿ ಹಾಸಿ ಸೋಪಿನ ಪುಡಿ ಹಾಕಿ ತಿಕ್ಕಿ, ಎರಡೂ ಬದಿ ಬಿಸಿಲಿಗೆ ಒಣಗಿಸಿ ಮತ್ತೆ ತೂಗುಹಾಕಿ. ಮಣ್ಣಿನ ಗೋಡೆಯ ಗೂಡಿಗೆ ಇದೇ ಸರಿಯಾದ ಪರಿಹಾರ, ಅಲ್ಲಿ ಸ್ಕ್ರೂವೂ ನಿಲ್ಲದು, ಸಿಮೆಂಟ್ ಗಾರೆಯೂ ಹಿಡಿಯದು. ಅಂಚನ್ನು ಮಡಚಿ ಹೊಲಿಸಿ, ಇಲ್ಲದಿದ್ದರೆ ನೂಲಿನ ಎಳೆ ಬಿಚ್ಚಿ ಕೋಳಿ ನುಂಗುತ್ತದೆ, ಗಂಟಲಚೀಲ ಕಟ್ಟಿಕೊಳ್ಳುತ್ತದೆ.

ತೊಳೆಯುವ ಕ್ರಮ

ಹಿಕ್ಕೆಯಲ್ಲಿನ ಬಿಳಿ ಭಾಗ ಯೂರಿಕ್ ಆಮ್ಲ. ಬರಿ ನೀರಿನಲ್ಲಿ ಅದು ಕರಗುವುದು ತೀರಾ ಕಡಿಮೆ, ಕ್ಷಾರದಲ್ಲಿ ಕರಗುತ್ತದೆ. ಆದ್ದರಿಂದ ವಿನೆಗರಿಗಿಂತ ವಾಷಿಂಗ್ ಸೋಡಾ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೋಳಿ, ಹಾಸು ಎರಡನ್ನೂ ಹೊರಹಾಕಿ, ಧೂಳು ಏಳದಷ್ಟು ನೀರು ಚಿಮುಕಿಸಿ, ಮಾಸ್ಕ್ ಕಟ್ಟಿ ಮೊದಲು ಕೆರೆಯಿರಿ. ಹತ್ತು ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪಿನ ಪುಡಿ ಹಾಕಿ ಕೆಳಗಿನಿಂದ ಮೇಲಕ್ಕೆ ಬಳಿದು ಅರ್ಧ ಗಂಟೆ ಬಿಡಿ. ಮೇಲಿನಿಂದ ಬಳಿದರೆ ಇಳಿದ ನೀರು ಕೆಳಗೆ ಒಣ ಕೊಳೆಯ ಮೇಲೆ ಗೆರೆ ಮೂಡಿಸುತ್ತದೆ. ತಿಕ್ಕಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಪ್ರೆಶರ್ ವಾಷರ್ ಇದ್ದರೆ ಶೀಟಿನ ಸಂದಿಗೆ ನೇರ ಹಿಡಿಯಬೇಡಿ, ಕೊಳೆಯನ್ನೇ ಬೆನ್ನಿಗೆ ತುರುಕಿದಂತಾಗುತ್ತದೆ.

ಒಣಗಿದ ಮೇಲೆ ಹತ್ತು ಲೀಟರ್ ನೀರಿಗೆ 100 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ತಿಳಿಯನ್ನು ಸಿಂಪಡಿಸಿ. ಹಿಕ್ಕೆ ಉಳಿದಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ಅಮೋನಿಯ ವಾಸನೆ ಹೊಡೆಯುವ ಒದ್ದೆ ಗೂಡಿಗೆ ಅದನ್ನು ಹಾಕಬೇಡಿ, ಆಸಿಡ್ ಜೊತೆ ಬೆರೆಸಲೇಬೇಡಿ, ಏಳುವ ವಿಷಗಾಳಿ ಮನುಷ್ಯರಿಗೂ ಅಪಾಯ. ಸುಣ್ಣ ಹೊಡೆಯುವುದಾದರೆ ಎಲ್ಲ ಮುಗಿದ ಮೇಲೆ ಕೊನೆಗೆ.

ನುಸಿ ಉಳಿದಿದೆಯೇ ನೋಡಲು ರಾತ್ರಿ ಟಾರ್ಚ್ ಹಿಡಿದು ಬಿಳಿ ಬಟ್ಟೆಯನ್ನು ಗಳದ ಅಡಿಗೂ ಶೀಟಿನ ಅಂಚಿಗೂ ಒತ್ತಿ ಉಜ್ಜಿ. ಕೆಂಪು ಗೆರೆ ಮೂಡಿದರೆ ಶೀಟು ಬಿಚ್ಚುವ ಸಮಯ ಬಂದಿದೆ.

ಕೊಳ್ಳುವ ಮೊದಲು ಅಂಗಡಿಯಿಂದ ಗೇಣುದ್ದದ ತುಂಡು ಕೇಳಿ ತನ್ನಿ, ಬಹಳಷ್ಟು ಕಡೆ ಸುಮ್ಮನೆ ಕೊಡುತ್ತಾರೆ. ಅಂಚನ್ನು ನೋಡಿ, ಪೊಳ್ಳಿದ್ದರೆ ಅಲ್ಲೇ ಬಿಡಿ. ಗಟ್ಟಿಯಿದ್ದರೆ ಒಂದು ವಾರ ಒದ್ದೆ ಹಾಸಿನಲ್ಲಿ ಅರ್ಧ ಹೂತಿಡಿ, ತೆಗೆದು ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಇಪ್ಪತ್ತು ಸಲ ಉಜ್ಜಿ. ಅಂಚು ಉಬ್ಬಿದ್ದರೆ, ಹೊಳಪು ಹೋಗಿ ಬಣ್ಣ ಕೈಗೆ ಹತ್ತಿದರೆ ಆ ಸರಕು ಬೇಡ. ಆ ತುಂಡನ್ನು ಕೋಳಿಗಳ ಮುಂದೆ ಒಂದು ದಿನ ಎಸೆದೂ ನೋಡಿ. ಅಂಚು ಕುಕ್ಕಿ ಹಾಕಿದ್ದರೆ ಗೋಡೆಗೆ ಹೊಡೆದ ಮೇಲೂ ಅವು ಅದನ್ನೇ ಮಾಡುತ್ತವೆ.